6.090ರ ಮುಂದಿನ ಅಂಕಿ

ಅಪಾಯ ನಿರ್ವಹಣೆಯ ವಿಭಾಗಕ್ಕೆ ಸೇರಿದ ಎರಡನೆಯ ತಿಂಗಳಲ್ಲಿ ನನಗೆ ಒಪ್ಪಿಸಿದ ಮೊದಲ ಸ್ವತಂತ್ರ ಕೆಲಸವೆಂದರೆ ಒಂದೇ ಒಂದು ಆಪ್ಷನ್‌ಗೆ, ಅಂದರೆ ಷೇರನ್ನು ಮೊದಲೇ ನಿಗದಿಯಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ, ಬೆಲೆ ಕಟ್ಟುವುದು. ಷೇರಿನ ಇಂದಿನ ಬೆಲೆ 100, ಆ ನಿಗದಿತ ಬೆಲೆ, ಅಂದರೆ ಸ್ಟ್ರೈಕ್ ಬೆಲೆಯೂ 100, ಅವಧಿ ಒಂದು ವರ್ಷ, ನಿರಂತರ ಚಕ್ರಬಡ್ಡಿಯ ಲೆಕ್ಕದಲ್ಲಿ ಬಡ್ಡಿದರ ಶೇ. 5, ಬೆಲೆಯ ಏರಿಳಿತದ ಪ್ರಮಾಣ, ಅಂದರೆ ವೊಲಟಿಲಿಟಿ, ವರ್ಷಕ್ಕೆ ಶೇ. 20, ಡಿವಿಡೆಂಡ್ ಇಲ್ಲ. ಆಪ್ಷನ್ ಅಮೆರಿಕನ್ ಪುಟ್ ಆಗಿತ್ತು; ಅದನ್ನು ಹೊಂದಿರುವವರು ಷೇರನ್ನು 100ಕ್ಕೆ ಮಾರುವ ಹಕ್ಕನ್ನು ಅವಧಿಯೊಳಗಿನ ಯಾವ ಗಳಿಗೆಯಲ್ಲಾದರೂ ಚಲಾಯಿಸಬಹುದು. ಕೊನೆಯ ದಿನ ಮಾತ್ರ ಚಲಾಯಿಸಬಹುದಾದ ಯುರೋಪಿಯನ್ ಪುಟ್‌ಗೆ 1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಪ್ರಕಟಿಸಿದ ಸೂತ್ರವಿದೆ. ಅಮೆರಿಕನ್ ಪುಟ್‌ಗೆ ಅಂಥ ಒಂದು ಸಾಲಿನ ಸೂತ್ರವಿಲ್ಲ. ಹೀಗಾಗಿ ಅದರ ಬೆಲೆ ಯಾವಾಗಲೂ ಒಂದಲ್ಲ ಒಂದು ಸಂಖ್ಯಾತ್ಮಕ ವಿಧಾನದಿಂದಲೇ ಬರಬೇಕು.

ಕೆಲಸ ಹಂಚಿದ ನನ್ನ ಮೇಲ್ವಿಚಾರಕಿ ಬೆಲೆಯನ್ನು ಕೇಳಲೇ ಇಲ್ಲ. "ಬೆಲೆ ನಮ್ಮ ಹಳೆಯ ಪ್ರೋಗ್ರಾಮಿನಲ್ಲಿದೆ, ಅದು 6.08 ಎನ್ನುತ್ತದೆ. ನೀವು ಮೂರು ಬೇರೆ ಬೇರೆ ದಾರಿಯಲ್ಲಿ ಹೋಗಿ ನೋಡಿ, ಎಷ್ಟನೆಯ ಅಂಕಿಯವರೆಗೆ ನಂಬಬಹುದು, ಏಕೆ ನಂಬಬಹುದು ಎಂದು ಬರೆದುಕೊಡಿ" ಎಂದರು. ಗಣಿತದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬಂದ ನನಗೆ ಇದು ಮೂರು ದಿನದ ಕೆಲಸವೆನ್ನಿಸಿತು. ಐದು ವಾರ ಹಿಡಿಯಿತು.

ಮೊದಲು ಅಳತೆಗೋಲು ಬೇಕಿತ್ತು. ಉತ್ತರ ಗೊತ್ತಿರುವ ಲೆಕ್ಕದಲ್ಲಿ ಸರಿಹೋಗದ ಪ್ರೋಗ್ರಾಮನ್ನು ಉತ್ತರ ಗೊತ್ತಿಲ್ಲದ ಲೆಕ್ಕದಲ್ಲಿ ನಂಬುವುದು ಹೇಗೆ? ಆದ್ದರಿಂದ ಇದೇ ಅಂಕಿಗಳಿಗೆ ಯುರೋಪಿಯನ್ ಬೆಲೆಗಳನ್ನು ಸೂತ್ರದಿಂದ ತೆಗೆದು ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಂಡೆ: ಕಾಲ್ (ಷೇರನ್ನು 100ಕ್ಕೆ ಕೊಳ್ಳುವ ಹಕ್ಕು) 10.4506, ಪುಟ್ 5.5735. ಇವೆರಡರ ವ್ಯತ್ಯಾಸ 4.8771, ಇದು ಷೇರಿನ ಬೆಲೆಯಿಂದ, ಒಂದು ವರ್ಷದ ನಂತರ ಬರುವ 100ರ ಇಂದಿನ ಮೌಲ್ಯವಾದ 95.1229ನ್ನು ಕಳೆದಾಗ ಉಳಿಯುವ ಮೊತ್ತವೇ ಆಗಿರಬೇಕು, ಆಗಿತ್ತು. ಕಾಲ್ ಮತ್ತು ಪುಟ್ ನಡುವಿನ ಈ ಸಮಾನತೆ ಯಾವ ಮಾದರಿಯನ್ನೂ ಅವಲಂಬಿಸುವುದಿಲ್ಲ, ಹಾಗಾಗಿ ಮುಂದಿನ ಐದು ವಾರಗಳಲ್ಲಿ ನಾನು ಬರೆದ ಪ್ರತಿಯೊಂದು ಪ್ರೋಗ್ರಾಮಿಗೂ ಅದೇ ಮೊದಲ ಪರೀಕ್ಷೆಯಾಯಿತು.

ಮೊದಲ ದಾರಿಯಾಗಿ ಕಾಕ್ಸ್, ರಾಸ್ ಮತ್ತು ರೂಬಿನ್‌ಸ್ಟೀನ್ 1979ರಲ್ಲಿ ಮುಂದಿಟ್ಟ ಬೈನಾಮಿಯಲ್ ಟ್ರೀಯನ್ನು ಆರಿಸಿಕೊಂಡೆ. ಅವಧಿಯನ್ನು ಸಮನಾದ ಹಂತಗಳಾಗಿ ಒಡೆದು, ಪ್ರತಿ ಹಂತದಲ್ಲೂ ಷೇರು ಒಂದು ನಿರ್ದಿಷ್ಟ ಅನುಪಾತದಲ್ಲಿ ಏರುತ್ತದೆ ಇಲ್ಲವೇ ಅದರ ವಿಲೋಮದಲ್ಲಿ ಇಳಿಯುತ್ತದೆ ಎಂದು ಭಾವಿಸಿ, ಕೊನೆಯ ದಿನ ಹಕ್ಕಿನಿಂದ ಸಿಗುವ ಆದಾಯದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವ ವಿಧಾನವದು. ಪ್ರೋಗ್ರಾಂ ಬರೆಯುವ ಮುನ್ನ ಒಂದು ಹಂತದ ಮತ್ತು ಎರಡು ಹಂತದ ಟ್ರೀಗಳನ್ನು ಕೈಯಲ್ಲೇ ಬಿಡಿಸಿದೆ. ಈ ಅಭ್ಯಾಸ ಮುಂದೆ ಹಲವು ಬಾರಿ ನನ್ನನ್ನು ಕಾಪಾಡಿತು. ಒಂದು ಹಂತದಲ್ಲಿ ಷೇರು 122.14ಕ್ಕೆ ಏರುತ್ತದೆ ಅಥವಾ 81.87ಕ್ಕೆ ಇಳಿಯುತ್ತದೆ. ಏರುವ ಸಂಭವನೀಯತೆ 0.5775 ಎಂದು ಬರುತ್ತದೆ. ಇದು ಷೇರು ನಿಜವಾಗಿ ಏರುವ ಸಾಧ್ಯತೆಯಲ್ಲ, ಷೇರಿನ ಸರಾಸರಿ ಬೆಳವಣಿಗೆ ಬಡ್ಡಿದರಕ್ಕೆ ಸಮನಾಗುವಂತೆ ಹೊಂದಿಸಿದ ತೂಕ. ಇದನ್ನು ಮರೆತವರು ವೊಲಟಿಲಿಟಿಯ ಜೊತೆಗೆ ಷೇರಿನ ಭವಿಷ್ಯದ ಬಗ್ಗೆ ತಮಗಿರುವ ಅಭಿಪ್ರಾಯವನ್ನೂ ಬೆಲೆಯೊಳಗೆ ತುರುಕಲು ಹೊರಡುತ್ತಾರೆ. ಆ ಒಂದು ಹಂತದ ಟ್ರೀ ಯುರೋಪಿಯನ್ ಪುಟ್‌ಗೆ 7.285 ಎಂದಿತು. ಎರಡು ಹಂತದ ಟ್ರೀ 4.664 ಎಂದಿತು. ಸರಿಯಾದ ಉತ್ತರ 5.5735 ಇವೆರಡರ ನಡುವೆ ಎಲ್ಲೋ ಇತ್ತು.

ಹಂತಗಳನ್ನು ಹೆಚ್ಚಿಸಿದಂತೆ ಉತ್ತರ ಒಂದೇ ದಿಕ್ಕಿನಿಂದ ನಿಧಾನವಾಗಿ ಗುರಿಯತ್ತ ಸಾಗುತ್ತದೆ ಎಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಬೆಸ ಸಂಖ್ಯೆಯ ಹಂತಗಳಿದ್ದಾಗ ಉತ್ತರ ಮೇಲಕ್ಕೂ ಸಮ ಸಂಖ್ಯೆಯ ಹಂತಗಳಿದ್ದಾಗ ಕೆಳಕ್ಕೂ ಜಿಗಿಯುತ್ತ, ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಸಾಗಿತು. 100 ಹಂತಗಳಿಗೆ ಸುಮಾರು 0.02ರಷ್ಟು ಕಡಿಮೆ, 101 ಹಂತಗಳಿಗೆ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ. ಮೊದಲಿಗೆ ಇದು ನನ್ನ ಪ್ರೋಗ್ರಾಮಿನ ದೋಷವೆಂದೇ ತಿಳಿದು ಅರ್ಧ ದಿನ ಸಾಲು ಸಾಲಾಗಿ ಓದಿದೆ. ಕಾರಣ ಪ್ರೋಗ್ರಾಮಿನಲ್ಲಿರಲಿಲ್ಲ. ಪುಟ್‌ನ ಆದಾಯ ಷೇರು 100ಕ್ಕಿಂತ ಕೆಳಗಿದ್ದಷ್ಟೂ ಹೆಚ್ಚು, 100ರಿಂದ ಮೇಲೆ ಸೊನ್ನೆ; ಹಾಗಾಗಿ ಆದಾಯದ ರೇಖೆ ಸ್ಟ್ರೈಕ್ ಬೆಲೆಯಲ್ಲಿ ಮುರಿದು ಬಾಗುತ್ತದೆ. ಸಮ ಸಂಖ್ಯೆಯ ಹಂತಗಳಿದ್ದಾಗ ಟ್ರೀಯ ಒಂದು ಕೊನೆಯ ಗಂಟು (ಕೊಂಬೆಗಳು ಕೂಡುವ ಬೆಲೆಯ ಬಿಂದು) ಸರಿಯಾಗಿ ಆ ಮೂಲೆಯ ಮೇಲೇ ಕೂರುತ್ತದೆ, ಬೆಸವಾದಾಗ ಮೂಲೆ ಎರಡು ಗಂಟುಗಳ ನಡುವೆ ಬೀಳುತ್ತದೆ. ದೋಷವೆಲ್ಲ ಹುಟ್ಟುವುದು ಆ ಒಂದು ಮೂಲೆಯಲ್ಲಿ. ಅಕ್ಕಪಕ್ಕದ ಸಮ ಮತ್ತು ಬೆಸ ಉತ್ತರಗಳ ಸರಾಸರಿ ತೆಗೆದುಕೊಂಡಾಗ ಅಂಕುಡೊಂಕಿನ ಬಹುಪಾಲು ಅಳಿಸಿಹೋಯಿತು. ಆ ಮೂಲೆ ಮುಂದೆಯೂ ನನ್ನ ಬೆನ್ನು ಬಿಡಲಿಲ್ಲ.

ಅಮೆರಿಕನ್ ಪುಟ್‌ಗಾಗಿ ಟ್ರೀಯಲ್ಲಿ ಮಾಡಬೇಕಾದ ಬದಲಾವಣೆ ಒಂದೇ ಸಾಲಿನದು: ಪ್ರತಿ ಗಂಟಿನಲ್ಲೂ ಕಾದರೆ ಸಿಗುವ ಮೌಲ್ಯ ಮತ್ತು ಈಗಲೇ ಚಲಾಯಿಸಿದರೆ ಸಿಗುವ ಮೊತ್ತ, ಇವೆರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳುವುದು. ಎರಡು ಹಂತದ ಟ್ರೀಯಲ್ಲಿ ಷೇರು ಒಮ್ಮೆ ಇಳಿದು 86.81ಕ್ಕೆ ಬಂದಾಗ, ಕಾಯುವುದರ ಮೌಲ್ಯ 10.72 ಇದ್ದರೆ ಚಲಾಯಿಸುವುದರ ಮೌಲ್ಯ 13.19 ಇತ್ತು. ಷೇರು ಆಳಕ್ಕೆ ಇಳಿದ ಮೇಲೆ 100ನ್ನು ಇಂದೇ ಪಡೆದು ಅದರ ಮೇಲೆ ಬಡ್ಡಿ ಗಳಿಸುವುದು ಇನ್ನಷ್ಟು ಕಾಯುವುದಕ್ಕಿಂತ ಲಾಭಕರ ಎಂಬುದಷ್ಟೇ ಇದರ ಅರ್ಥ. ಆ ಒಂದು ಗಂಟಿನ ನಿರ್ಧಾರದಿಂದ ಬೆಲೆ 4.664ರಿಂದ 5.738ಕ್ಕೆ ಏರಿತು. ಹಂತಗಳನ್ನು ಸಾವಿರಗಳಿಗೆ ಒಯ್ದಾಗ ಉತ್ತರ 6.090ರ ಬಳಿ ನೆಲೆಯಾಯಿತು. ಹಳೆಯ ಪ್ರೋಗ್ರಾಮಿನ 6.08 ಅಲ್ಲ.

ಎರಡನೆಯ ದಾರಿಗೆ ಬಂದಾಗಲೇ ನಿಜವಾದ ಪಾಠ ಶುರುವಾಯಿತು. ಬ್ಲ್ಯಾಕ್–ಶೋಲ್ಸ್ ಸಿದ್ಧಾಂತದ ಪ್ರಕಾರ ಆಪ್ಷನ್‌ನ ಮೌಲ್ಯ, ಷೇರಿನ ಬೆಲೆ ಮತ್ತು ಕಾಲ ಎಂಬ ಎರಡು ಚರಗಳ ಮೇಲಿನ ಒಂದು ಆಂಶಿಕ ಅವಕಲ ಸಮೀಕರಣವನ್ನು ಪಾಲಿಸುತ್ತದೆ. ಲೋಹದ ಸರಳಿನಲ್ಲಿ ಶಾಖ ಹರಡುವ ಸಮೀಕರಣದ ಹತ್ತಿರದ ಸಂಬಂಧಿಯದು. ಅದನ್ನು ಬಿಡಿಸಲು ಎರಡೂ ಚರಗಳನ್ನು ಒಂದು ಜಾಲದಂತೆ ತುಂಡರಿಸಿ, ಅವಕಲಗಳ ಜಾಗದಲ್ಲಿ ಅಕ್ಕಪಕ್ಕದ ಬಿಂದುಗಳ ವ್ಯತ್ಯಾಸಗಳನ್ನು ಇಟ್ಟು, ಕೊನೆಯ ದಿನದಿಂದ ಇಂದಿನವರೆಗೆ ಹಿಂದಕ್ಕೆ ನಡೆಯಬೇಕು. ಇದೇ ಫೈನೈಟ್ ಡಿಫರೆನ್ಸ್ ವಿಧಾನ. ಅಮೆರಿಕನ್ ಪುಟ್‌ಗೆ ಇದನ್ನು ಬ್ರೆನ್ನನ್ ಮತ್ತು ಶ್ವಾರ್ಟ್ಜ್ 1977ರಲ್ಲೇ ಬಳಸಿದ್ದರು.

ನಾನು, ಗೊತ್ತಿರುವ ಹಂತದ ಮೌಲ್ಯಗಳಿಂದ ಮುಂದಿನ ಹಂತದವನ್ನು ನೇರವಾಗಿ ಲೆಕ್ಕ ಹಾಕುವ, ಅತ್ಯಂತ ಸರಳವಾದ ಎಕ್ಸ್‌ಪ್ಲಿಸಿಟ್ ಕ್ರಮದಿಂದ ಆರಂಭಿಸಿದೆ. ಷೇರಿನ ಬೆಲೆಯನ್ನು 0ಯಿಂದ 300ರವರೆಗೆ ಒಂದೊಂದರ ಅಂತರದಲ್ಲಿ ತುಂಡರಿಸಿ, ವರ್ಷವನ್ನು 1,000 ಹಂತಗಳಾಗಿ ಮಾಡಿ, ಗುಂಡಿ ಒತ್ತಿದೆ. ಪರದೆಯ ಮೇಲೆ ಸಂಖ್ಯೆಯ ಬದಲು 'ಇದು ಸಂಖ್ಯೆಯಲ್ಲ' ಎಂದು ಹೇಳುವ ಗುರುತು ಬಂತು. ನಡುವಿನ ಹಂತಗಳನ್ನು ಮುದ್ರಿಸಿ ನೋಡಿದಾಗ, ಜಾಲದ ಮೇಲಿನ ತುದಿಯಲ್ಲಿ, ಅಂದರೆ ಪುಟ್‌ನ ಮೌಲ್ಯ ಸೊನ್ನೆಗೆ ಅಂಟಿಕೊಂಡಿರಬೇಕಾದ 300ರ ಬಳಿ, ಲೆಕ್ಕಕ್ಕೇ ಸಿಗದಷ್ಟು ಸಣ್ಣ ಅಂಕಿಗಳು ಒಮ್ಮೆ ಧನ ಒಮ್ಮೆ ಋಣ ಎಂದು ಚಿಹ್ನೆ ಬದಲಿಸುತ್ತ ಪ್ರತಿ ಹಂತಕ್ಕೂ ಹಲವು ಪಟ್ಟು ಬೆಳೆಯುತ್ತಿದ್ದವು. ಅಲ್ಲೇ ಏಕೆ? ಸಮೀಕರಣದಲ್ಲಿ ಹರಡುವಿಕೆಯ ಗುಣಕ ಷೇರಿನ ಬೆಲೆಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಬೆಲೆ ಹೆಚ್ಚಿರುವ ತುದಿಯಲ್ಲಿ ಅದು ಅತಿ ದೊಡ್ಡದು. ಲೆಕ್ಕ ಹಾಕಿದರೆ, ಈ ಜಾಲಕ್ಕೆ ವೊಲಟಿಲಿಟಿಯ ವರ್ಗವನ್ನು ಬಿಂದುಗಳ ಸಂಖ್ಯೆಯ ವರ್ಗದಿಂದ ಗುಣಿಸಿದಷ್ಟು, ಎಂದರೆ 0.04ನ್ನು 90,000ದಿಂದ ಗುಣಿಸಿದ 3,600 ಹಂತಗಳಾದರೂ ಬೇಕು. ನನ್ನ ಒಂದು ಸಾವಿರದಲ್ಲಿ ತುದಿಯ ದೋಷ ಪ್ರತಿ ಹಂತಕ್ಕೂ ಆರು ಪಟ್ಟಿಗಿಂತ ಹೆಚ್ಚಾಗಿ ಬೆಳೆಯುತ್ತಿತ್ತು. 4,000 ಹಂತ ಕೊಟ್ಟೊಡನೆ ಎಲ್ಲವೂ ಶಾಂತವಾಯಿತು. ಆದರೆ ಬೆಲೆಯ ಅಂತರವನ್ನು ಅರ್ಧಕ್ಕೆ ಇಳಿಸಬೇಕೆಂದರೆ ಹಂತಗಳು ನಾಲ್ಕು ಪಟ್ಟಾಗಬೇಕು; ನಿಖರತೆಗೆ ಬೇಕಿಲ್ಲದಿದ್ದರೂ ಬರಿಯ ಸ್ಥಿರತೆಗಾಗಿ ತೆರಬೇಕಾದ ದಂಡವದು.

ದಂಡ ತೆರಲು ಇಷ್ಟವಿಲ್ಲದವರು ಇಂಪ್ಲಿಸಿಟ್ ಕ್ರಮಕ್ಕೆ ಹೋಗುತ್ತಾರೆ, ನಾನೂ ಹೋದೆ. ಅಲ್ಲಿ ಪ್ರತಿ ಹಂತದಲ್ಲೂ ಮೂರು ಕರ್ಣಗಳಿರುವ ಒಂದು ಮಾತೃಕೆಯ ಸಮೀಕರಣಗಳನ್ನು ಬಿಡಿಸಬೇಕು, ಆದರೆ ಹಂತ ಎಷ್ಟೇ ದೊಡ್ಡದಾದರೂ ಉತ್ತರ ಸ್ಫೋಟಿಸುವುದಿಲ್ಲ. ಎಕ್ಸ್‌ಪ್ಲಿಸಿಟ್ ಮತ್ತು ಇಂಪ್ಲಿಸಿಟ್ ಕ್ರಮಗಳ ಸರಾಸರಿಯಂತಿರುವ, 1947ರಷ್ಟು ಹಳೆಯದಾದ ಕ್ರ್ಯಾಂಕ್–ನಿಕಲ್ಸನ್ ಕ್ರಮ ಕಾಲದ ವಿಷಯದಲ್ಲಿ ಒಂದು ದರ್ಜೆ ಹೆಚ್ಚಿನ ನಿಖರತೆಯನ್ನೂ ಕೊಡುತ್ತದೆ. 300 ಬಿಂದು, 100 ಹಂತಗಳಿಂದ ಯುರೋಪಿಯನ್ ಪುಟ್‌ನ ಬೆಲೆ ಸೂತ್ರದ ಬೆಲೆಗೆ ಎಷ್ಟು ಹತ್ತಿರ ಬಂತೆಂದರೆ, ಕೆಲಸ ಮುಗಿಯಿತೆಂದೇ ಭಾವಿಸಿದೆ.

ಆಗ ದುರಾಸೆ ಹುಟ್ಟಿತು. ಬೆಲೆಯ ಅಂತರವನ್ನು 0.25ಕ್ಕೆ ಇಳಿಸಿ 1,200 ಬಿಂದುಗಳನ್ನು ಮಾಡಿದೆ. ಕ್ರಮ ಹೇಗೂ ಸ್ಥಿರವಲ್ಲವೇ ಎಂದು ಕಾಲದ ಹಂತಗಳನ್ನು 50ಕ್ಕೆ ತಗ್ಗಿಸಿದೆ. ಬೆಲೆ ಚೆನ್ನಾಗಿಯೇ ಕಂಡಿತು. ಡೆಲ್ಟಾ, ಅಂದರೆ ಷೇರಿನ ಬೆಲೆ ಒಂದು ಏಕಮಾನ ಬದಲಾದಾಗ ಆಪ್ಷನ್‌ನ ಬೆಲೆ ಎಷ್ಟು ಬದಲಾಗುತ್ತದೆ ಎಂಬ ಅಳತೆ, ಕೊಂಚ ನಡುಗುವಂತೆ ತೋರಿತು. ಡೆಲ್ಟಾದ ಬದಲಾವಣೆಯ ದರವಾದ ಗಾಮಾವನ್ನು ಚಿತ್ರಿಸಿದಾಗ ಮಾತ್ರ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. 100ರ ಎರಡೂ ಬದಿಯಲ್ಲಿ ನಯವಾದ ಗುಡ್ಡದಂತೆ ಇರಬೇಕಾದ, ನಡುವೆ 0.0188ರಷ್ಟಿರಬೇಕಾದ ಆ ರೇಖೆ, ಸ್ಟ್ರೈಕ್‌ನ ಆಸುಪಾಸಿನಲ್ಲಿ ಬಿಂದುವಿನಿಂದ ಬಿಂದುವಿಗೆ ಮೇಲಕ್ಕೂ ಕೆಳಕ್ಕೂ ಹಾರುತ್ತ ಬಾಚಣಿಗೆಯಂತಾಗಿತ್ತು. ಜಾಲವನ್ನು ಸೂಕ್ಷ್ಮಗೊಳಿಸಿದ್ದರಿಂದ ಉತ್ತರ ಕೆಟ್ಟಿತ್ತು.

ಇದನ್ನು ಅರ್ಥಮಾಡಿಕೊಳ್ಳಲು ಒಂದು ವಾರ ಬೇಕಾಯಿತು, ಮತ್ತು ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ವಾರವೂ ಅದೇ. ಸ್ಥಿರತೆ ಎಂದರೆ ದೋಷ ಬೆಳೆಯುವುದಿಲ್ಲ ಎಂದು ಮಾತ್ರ ಅರ್ಥ. ದೋಷ ಸಾಯುತ್ತದೆ ಎಂದಲ್ಲ. ಆದಾಯದ ರೇಖೆಯ ಮೂಲೆ ಎಲ್ಲ ಆವರ್ತನಗಳ ಅಲೆಗಳನ್ನೂ ತನ್ನಲ್ಲಿ ಹೊತ್ತುಕೊಂಡಿರುತ್ತದೆ. ಅವುಗಳಲ್ಲಿ ಅತಿ ಮೊನಚಾದದ್ದು, ಎಂದರೆ ಒಂದು ಬಿಂದುವಿನಲ್ಲಿ ಮೇಲೆ ಮುಂದಿನದರಲ್ಲಿ ಕೆಳಗೆ ಇರುವ ಅಲೆ, ನಿಜವಾದ ಸಮೀಕರಣದಲ್ಲಿ ಕ್ಷಣಮಾತ್ರದಲ್ಲಿ ಕರಗಿಹೋಗುತ್ತದೆ. ಕ್ರ್ಯಾಂಕ್–ನಿಕಲ್ಸನ್ ಅದನ್ನು ಕರಗಿಸುವ ವೇಗ, ವೊಲಟಿಲಿಟಿಯ ವರ್ಗ, ಷೇರು ಬೆಲೆಯ ವರ್ಗ ಮತ್ತು ಕಾಲದ ಹಂತ ಇವುಗಳ ಗುಣಲಬ್ಧವನ್ನು ಬೆಲೆಯ ಅಂತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಅವಲಂಬಿಸಿದೆ. ನನ್ನ ಹೊಸ ಜಾಲದಲ್ಲಿ 100ರ ಬಳಿ ಆ ಸಂಖ್ಯೆ 128. ಅದಕ್ಕೆ ತಕ್ಕಂತೆ ಪ್ರತಿ ಹಂತದಲ್ಲೂ ಆ ಅಲೆ 129ರಲ್ಲಿ 127 ಪಾಲು ಉಳಿದುಕೊಂಡು, ಚಿಹ್ನೆ ಮಾತ್ರ ಬದಲಿಸುತ್ತಿತ್ತು. ಐವತ್ತು ಹಂತ ಮುಗಿದರೂ ಶೇ. 46ರಷ್ಟು ಬದುಕಿತ್ತು. ಹಳೆಯ ಜಾಲದಲ್ಲಿ ಅದೇ ಸಂಖ್ಯೆ 4 ಆಗಿದ್ದರಿಂದ ಪ್ರತಿ ಹಂತಕ್ಕೆ ಐದರಲ್ಲಿ ಮೂರು ಪಾಲು ಮಾತ್ರ ಉಳಿಯುತ್ತ, ನೂರು ಹಂತಗಳಲ್ಲಿ ಕುರುಹೂ ಇಲ್ಲದಂತಾಗಿತ್ತು. ಬೆಲೆಯಲ್ಲಿ ಇದು ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಅಲೆಯ ಎತ್ತರ ಸಣ್ಣದು. ಗಾಮಾ ತೆಗೆಯುವಾಗ ಅಂತರದ ವರ್ಗದಿಂದ, ಅಂದರೆ 0.0625ರಿಂದ ಭಾಗಿಸುತ್ತೇವಾದ್ದರಿಂದ ಅದೇ ಸಣ್ಣ ಅಲೆ ದೈತ್ಯನಾಗಿ ಎದ್ದಿತು.

ಪರಿಹಾರವನ್ನು ರಾನಾಕರ್ 1984ರಲ್ಲಿ ತೋರಿಸಿದ್ದರು, ಮತ್ತು ಅದು ನಾಚಿಕೆಯಾಗುವಷ್ಟು ಸರಳ. ಮೊದಲ ಎರಡು ಹಂತಗಳನ್ನು ಮಾತ್ರ ಕ್ರ್ಯಾಂಕ್–ನಿಕಲ್ಸನ್‌ನಿಂದ ಇಡದೆ, ನಾಲ್ಕು ಅರ್ಧ ಹಂತಗಳಾಗಿ ಒಡೆದು ಪೂರ್ತಿ ಇಂಪ್ಲಿಸಿಟ್ ಕ್ರಮದಿಂದ ಇಡಬೇಕು. ಆ ಕ್ರಮ ನಿಖರತೆಯಲ್ಲಿ ಕೀಳು, ಆದರೆ ಮೊನಚು ಅಲೆಗಳ ಪಾಲಿಗೆ ಯಮ: ನನ್ನ ಜಾಲದಲ್ಲಿ ಒಂದೊಂದು ಅರ್ಧ ಹಂತವೂ ಆ ಅಲೆಯನ್ನು 129ರಲ್ಲಿ ಒಂದು ಪಾಲಿಗೆ ಇಳಿಸಿತು. ನಾಲ್ಕು ಅರ್ಧ ಹಂತಗಳ ನಂತರ ಅಲೆ ಇತ್ತೆನ್ನಲು ಸಾಕ್ಷಿಯೇ ಉಳಿಯಲಿಲ್ಲ, ಮತ್ತು ಎರಡೇ ಹಂತಗಳಲ್ಲಿ ಈ ಕೀಳು ಕ್ರಮವನ್ನು ಬಳಸಿದ್ದರಿಂದ ಒಟ್ಟು ನಿಖರತೆಯ ದರ್ಜೆಯೂ ತಗ್ಗಲಿಲ್ಲ. ಪ್ರೋಗ್ರಾಮಿನಲ್ಲಿ ಐದಾರು ಸಾಲು ಬದಲಾಯಿತು. ಗಾಮಾ ಗುಡ್ಡದಂತೆ ನಯವಾಯಿತು. ಬೆಲೆಯೊಂದನ್ನೇ ನೋಡಿ ಪ್ರೋಗ್ರಾಮನ್ನು ಒಪ್ಪಿಸಿದ್ದರೆ, ಅದರ ಗಾಮಾವನ್ನು ಬಳಸಿ ಅಪಾಯ ಅಳೆಯುವವರಿಗೆ ನಾನು ಕಸವನ್ನು ಕೊಟ್ಟಂತಾಗುತ್ತಿತ್ತು ಎಂಬ ಯೋಚನೆ ಆ ರಾತ್ರಿ ಬಹಳ ಹೊತ್ತು ಕಾಡಿತು.

ಜಾಲದ ಮೇಲೆ ಅಮೆರಿಕನ್ ಹಕ್ಕನ್ನು ಕೂರಿಸುವುದು ಟ್ರೀಯಷ್ಟು ಸುಲಭವಲ್ಲ. ಇಂಪ್ಲಿಸಿಟ್ ಕ್ರಮದಲ್ಲಿ ಒಂದು ಹಂತದ ಎಲ್ಲ ಬಿಂದುಗಳೂ ಒಟ್ಟಿಗೇ ಬಿಡಿಸಲ್ಪಡುತ್ತವೆ. ಎಲ್ಲಿ ಚಲಾಯಿಸಬೇಕೆಂಬುದು ಗೊತ್ತಾಗದೆ ಸಮೀಕರಣವನ್ನು ಬಿಡಿಸಲಾಗದು, ಬಿಡಿಸದೆ ಎಲ್ಲಿ ಚಲಾಯಿಸಬೇಕೆಂಬುದು ಗೊತ್ತಾಗದು. ಮೊದಲು ಬಿಡಿಸಿ ಆಮೇಲೆ ಆದಾಯದೊಂದಿಗೆ ಹೋಲಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು ಅಡ್ಡದಾರಿ. ಅದು ಹಂತಗಳು ಸಣ್ಣದಾದಂತೆ ಸರಿಯಾದ ಉತ್ತರಕ್ಕೇ ಬರುತ್ತದೆ, ನಿಧಾನವಾಗಿ. ನಾನು ಬ್ರೆನ್ನನ್–ಶ್ವಾರ್ಟ್ಜ್ ವಿಧಾನವನ್ನು ಆರಿಸಿ, ಮಾತೃಕೆಯನ್ನು ಬಿಡಿಸುವ ಹಿಮ್ಮುಖ ಹಾದಿಯಲ್ಲೇ ಪ್ರತಿ ಬಿಂದುವಿನಲ್ಲೂ ಹೋಲಿಕೆಯನ್ನು ಸೇರಿಸಿದೆ. ಉತ್ತರ ಟ್ರೀಯೊಂದಿಗೆ ಹೊಂದಲಿಲ್ಲ, ಕಾಲದ ಹಂತ ದೊಡ್ಡದಾದಷ್ಟೂ ವ್ಯತ್ಯಾಸ ಬೆಳೆಯುತ್ತಿತ್ತು. ಎರಡು ದಿನಗಳ ನಂತರ ಹೊಳೆಯಿತು: ಪುಟ್‌ನಲ್ಲಿ ಚಲಾಯಿಸುವ ವಲಯ ಕಡಿಮೆ ಬೆಲೆಗಳ ಕಡೆಗಿರುತ್ತದೆ, ಆದ್ದರಿಂದ ಹಿಮ್ಮುಖ ಹಾದಿ ಆ ತುದಿಯಿಂದಲೇ ಹೊರಟು ಮೇಲಕ್ಕೆ ಬರಬೇಕು. ಪಠ್ಯಪುಸ್ತಕದ ಸಾಮಾನ್ಯ ಕ್ರಮ ಮೇಲಿನಿಂದ ಕೆಳಕ್ಕೆ ಬರುತ್ತದೆ, ನಾನು ಅದನ್ನೇ ಕಣ್ಣುಮುಚ್ಚಿ ನಕಲಿಸಿದ್ದೆ. ದಿಕ್ಕು ತಿರುಗಿಸಿದೆ; 6.090 ಬಂತು.

ಆ ಪ್ರೋಗ್ರಾಮಿನಿಂದ ಸಿಕ್ಕ ಇನ್ನೊಂದು ಫಲವೆಂದರೆ ಚಲಾವಣೆಯ ಗಡಿ, ಅಂದರೆ ಯಾವ ದಿನ ಷೇರು ಎಷ್ಟಕ್ಕೆ ಇಳಿದರೆ ಕಾಯುವುದನ್ನು ನಿಲ್ಲಿಸಬೇಕೆಂಬ ರೇಖೆ. ಅವಧಿ ಮುಗಿಯುವ ಹೊತ್ತಿಗೆ ಅದು ಸ್ಟ್ರೈಕ್ ಬೆಲೆಯನ್ನು ಮುಟ್ಟುತ್ತದೆ, ಆದರೆ ಕೊನೆಯ ಕೆಲವು ದಿನಗಳಲ್ಲಿ ಅತ್ಯಂತ ಕಡಿದಾಗಿ ಏರುತ್ತದೆ. ಸಮನಾದ ಹಂತಗಳನ್ನಿಡುವ ಜಾಲಕ್ಕೆ ಆ ಕಡಿದಾದ ಭಾಗ ಕಾಣುವುದೇ ಇಲ್ಲ. ಕೊನೆಯ ದಿನದ ಹತ್ತಿರ ಸಣ್ಣ ಹಂತಗಳನ್ನೂ ದೂರದಲ್ಲಿ ದೊಡ್ಡ ಹಂತಗಳನ್ನೂ ಇಟ್ಟಾಗ, ಅಷ್ಟೇ ಶ್ರಮಕ್ಕೆ ಇನ್ನೊಂದು ಅಂಕಿ ಸ್ಥಿರವಾಯಿತು.

ಮೂರನೆಯ ದಾರಿ ಮಾಂಟೆ ಕಾರ್ಲೊ. ಆಪ್ಷನ್ ಬೆಲೆಗೆ ಇದನ್ನು ಬಾಯ್ಲ್ 1977ರಲ್ಲಿ ಬಳಸಿ ತೋರಿಸಿದರು. ಯಾದೃಚ್ಛಿಕ ಸಂಖ್ಯೆಗಳಿಂದ ಷೇರಿನ ಸಾವಿರಾರು ಸಂಭವನೀಯ ಹಾದಿಗಳನ್ನು ಹುಟ್ಟಿಸಿ, ಪ್ರತಿಯೊಂದರ ಆದಾಯವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಸರಾಸರಿ ತೆಗೆಯುವುದು. ಇಷ್ಟು ಸರಳವಾದುದು ಬೇರೆ ಯಾವುದೂ ಇಲ್ಲ, ಇಷ್ಟು ನಿಧಾನವಾದುದೂ ಇಲ್ಲ. ನಮ್ಮ ಯುರೋಪಿಯನ್ ಪುಟ್‌ನಲ್ಲಿ ಒಂದು ಹಾದಿಯ ಆದಾಯದ ಮಾನಕ ವಿಚಲನೆ 8.66. ಹಾದಿಗಳು 10,000 ಆದಾಗ ಸರಾಸರಿಯ ಮಾನಕ ದೋಷ 0.087, ಅದನ್ನು ಹತ್ತನೆಯ ಒಂದಕ್ಕೆ ಇಳಿಸಲು ನೂರು ಪಟ್ಟು ಹಾದಿಗಳು ಬೇಕು. ಶೇ. 95ರ ಭರವಸೆಯಿಂದ 0.01ರೊಳಗೆ ಉತ್ತರ ಹೇಳಬೇಕಾದರೆ ಸುಮಾರು 29 ಲಕ್ಷ ಹಾದಿಗಳಾಗುತ್ತವೆ. ಟ್ರೀ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುವ ಉತ್ತರಕ್ಕೆ ಇಷ್ಟು ಕಷ್ಟವೇಕೆ ಎಂದು ಕೇಳಿದರೆ, ಒಂದು ಷೇರಿನ ಆಪ್ಷನ್‌ಗೆ ಇದು ಬೇಡವೇ ಬೇಡ ಎನ್ನುತ್ತೇನೆ. ಆದರೆ ಐದು ಷೇರುಗಳ ಮೇಲೆ ನಿಂತ ಆಪ್ಷನ್‌ಗೆ ಒಂದೊಂದು ಷೇರಿಗೆ ನೂರರಂತೆ ಬಿಂದುಗಳಿಟ್ಟರೆ ಜಾಲದಲ್ಲಿ ಸಾವಿರ ಕೋಟಿ ಬಿಂದುಗಳಾಗುತ್ತವೆ. ಮಾಂಟೆ ಕಾರ್ಲೊ ದೋಷ ಮಾತ್ರ ಹಾದಿಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಅದೇ ವೇಗದಲ್ಲಿ ಇಳಿಯುತ್ತದೆ, ಷೇರುಗಳು ಎಷ್ಟಿದ್ದರೂ.

ಇಲ್ಲಿಯೂ ಎಡವಿದೆ. ಡೆಲ್ಟಾ ತಿಳಿಯಲು ಷೇರಿನ ಬೆಲೆಯನ್ನು 100.1ಕ್ಕೂ 99.9ಕ್ಕೂ ಇಟ್ಟು ಎರಡು ಬಾರಿ ಪ್ರೋಗ್ರಾಂ ಓಡಿಸಿ, ವ್ಯತ್ಯಾಸವನ್ನು 0.2ರಿಂದ ಭಾಗಿಸಿದೆ. ಒಂದು ಲಕ್ಷ ಹಾದಿಗಳಿದ್ದರೂ ಒಮ್ಮೆ −0.52, ಇನ್ನೊಮ್ಮೆ −0.21 ಬಂತು, ಸೂತ್ರದ ಪ್ರಕಾರ −0.3632 ಬರಬೇಕಿತ್ತು. ಎರಡು ಓಟಗಳಲ್ಲಿ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಗಳಿದ್ದುದರಿಂದ ಒಂದೊಂದರ ದೋಷವೂ ಕೂಡಿ, 0.2 ಎಂಬ ಸಣ್ಣ ಸಂಖ್ಯೆಯಿಂದ ಭಾಗಿಸಿದಾಗ ಐದು ಪಟ್ಟಾಗುತ್ತಿತ್ತು. ಎರಡಕ್ಕೂ ಒಂದೇ ಬೀಜದಿಂದ, ಅಂದರೆ ಒಂದೇ ಆರಂಭ ಸಂಖ್ಯೆಯಿಂದ, ಒಂದೇ ಸರಣಿಯ ಸಂಖ್ಯೆಗಳನ್ನು ಕೊಟ್ಟಾಗ ದೋಷಗಳು ಒಂದನ್ನೊಂದು ಕಳೆದುಕೊಂಡು ಎರಡನೆಯ ದಶಮಾಂಶದವರೆಗೂ ಸರಿಯಾದ ಡೆಲ್ಟಾ ಸಿಕ್ಕಿತು.

ಅಮೆರಿಕನ್ ಪುಟ್‌ಗೆ ಮಾಂಟೆ ಕಾರ್ಲೊ ಹೊಂದುವುದಿಲ್ಲ ಎಂದು ಬಹುಕಾಲ ನಂಬಲಾಗಿತ್ತು, ಏಕೆಂದರೆ ಹಾದಿಗಳು ಮುಂದಕ್ಕೆ ಓಡುತ್ತವೆ, ಚಲಾಯಿಸುವ ನಿರ್ಧಾರ ಹಿಂದಕ್ಕೆ ಲೆಕ್ಕವಾಗಬೇಕು. ಲಾಂಗ್‌ಸ್ಟಾಫ್ ಮತ್ತು ಶ್ವಾರ್ಟ್ಜ್ 2001ರಲ್ಲಿ ಸೂಚಿಸಿದ ಉಪಾಯದಲ್ಲಿ, ಪ್ರತಿ ದಿನಾಂಕದಲ್ಲೂ ಹಾದಿಗಳ ಮುಂದಿನ ಆದಾಯವನ್ನು ಅಂದಿನ ಷೇರು ಬೆಲೆಯ ಒಂದು ಸಣ್ಣ ಬಹುಪದಿಗೆ ಕನಿಷ್ಠ ವರ್ಗಗಳ ವಿಧಾನದಿಂದ ಹೊಂದಿಸಿ, ಕಾಯುವುದರ ಮೌಲ್ಯವನ್ನು ಅಂದಾಜಿಸುತ್ತಾರೆ. ನಾನು ಬರೆದದ್ದು 6.09ನ್ನು ದಾಟಿ ಮೇಲೆ ನಿಂತಿತು. ಚಲಾವಣೆಗೆ ಐವತ್ತು ದಿನಾಂಕಗಳನ್ನು ಮಾತ್ರ ಕೊಟ್ಟಿದ್ದೆ. ಅವಕಾಶ ಕಡಿಮೆಯಾದರೆ ಬೆಲೆ ಅಮೆರಿಕನ್ ಬೆಲೆಗಿಂತ ಕೆಳಗಿರಬೇಕೇ ಹೊರತು ಮೇಲಿರುವಂತಿಲ್ಲ. ಎರಡು ತಪ್ಪುಗಳಿದ್ದವು. ಬಹುಪದಿಯ ಅಂದಾಜನ್ನು ನಿರ್ಧಾರಕ್ಕೆ ಮಾತ್ರ ಬಳಸದೆ, ಹಾದಿಯ ಮೌಲ್ಯವನ್ನಾಗಿಯೂ ಹಿಂದಕ್ಕೆ ಒಯ್ದಿದ್ದೆ. ಒಯ್ಯಬೇಕಾದದ್ದು ಆ ಹಾದಿಯಲ್ಲಿ ನಿಜವಾಗಿ ಸಿಕ್ಕ ಆದಾಯ. ಅಂದಾಜುಗಳಲ್ಲಿ ದೊಡ್ಡದನ್ನೇ ಆರಿಸುತ್ತ ಬಂದರೆ ಪ್ರತಿ ದಿನಾಂಕದ ತಪ್ಪೂ ಮೇಲ್ಮುಖವಾಗಿಯೇ ಸೇರುತ್ತದೆ. ಎರಡನೆಯದಾಗಿ, ಚಲಾಯಿಸಿದರೆ ಏನೂ ಸಿಗದ ಹಾದಿಗಳನ್ನೂ ಬಹುಪದಿಗೆ ಸೇರಿಸಿ, ಅದು ನಿರ್ಧಾರ ಬೇಕಾದ ಕಡೆ ಸರಿಯಾಗಿ ಬಾಗದಂತೆ ಮಾಡಿದ್ದೆ. ಎರಡನ್ನೂ ತಿದ್ದಿದ ಮೇಲೆ ಇನ್ನೊಂದು ಎಚ್ಚರಿಕೆ ತೆಗೆದುಕೊಂಡೆ: ಒಂದು ಗುಂಪಿನ ಹಾದಿಗಳಿಂದ ಚಲಾವಣೆಯ ನಿಯಮವನ್ನು ಕಲಿತು, ಬೆಲೆಯನ್ನು ಸಂಪೂರ್ಣ ಹೊಸ ಹಾದಿಗಳ ಮೇಲೆ ಲೆಕ್ಕ ಹಾಕಿದೆ. ಆಗ ಬರುವ ಸರಾಸರಿ, ಕಲಿತ ನಿಯಮ ಎಷ್ಟೇ ಅಪೂರ್ಣವಾಗಿರಲಿ, ಯಾದೃಚ್ಛಿಕ ಏರುಪೇರನ್ನು ಬಿಟ್ಟರೆ ನಿಜವಾದ ಬೆಲೆಯನ್ನು ಮೀರದು. ಬೆಲೆ ಇಳಿದು 6.09ರ ಕೆಳಗೆ, ಇರಬೇಕಾದಲ್ಲಿ ಕೂತಿತು.

ಈ ಹೊತ್ತಿಗೆ ಹಳೆಯ ಪ್ರೋಗ್ರಾಮಿನ 6.08 ಎಲ್ಲಿಂದ ಬಂತೆಂಬುದು ಊಹೆಗೆ ಸಿಕ್ಕಿತ್ತು. ನನ್ನ ಟ್ರೀಗೆ 100 ಹಂತಗಳನ್ನು ಕೊಟ್ಟು ಓಡಿಸಿದೆ, ಅದೂ 6.08 ಎಂದಿತು. ಮೂಲ ಸಾಲುಗಳನ್ನು ತರಿಸಿ ನೋಡಿದಾಗ ಹಂತಗಳ ಸಂಖ್ಯೆ 100 ಎಂದು ಪ್ರೋಗ್ರಾಮಿನೊಳಗೇ ಬರೆದಿಡಲಾಗಿತ್ತು, ಹೊರಗಿನಿಂದ ಬದಲಿಸುವ ದಾರಿಯೇ ಇರಲಿಲ್ಲ. ಅದನ್ನು ಬರೆದವರು ತಪ್ಪು ಮಾಡಿದ್ದರೆನ್ನಲಾರೆ. ಯಂತ್ರಗಳು ನಿಧಾನವಾಗಿದ್ದಾಗ ನೂರು ಹಂತ ಸಾಕೆನ್ನಿಸಿರಬಹುದು. ಅದು ಸಮಸಂಖ್ಯೆಯಾಗಿತ್ತು, ಷೇರು ಸ್ಟ್ರೈಕ್‌ನ ಮೇಲೇ ಇತ್ತು, ಹೀಗಾಗಿ ಉತ್ತರ ಗರಗಸದ ಕೆಳಹಲ್ಲಿನಲ್ಲಿತ್ತು, ಅಷ್ಟೇ.

ವರದಿಯಲ್ಲಿ ಬರೆದದ್ದು ಹೀಗೆ: ಮೂರನೆಯ ದಶಮಾಂಶದವರೆಗೆ 6.090 ಎಂಬುದನ್ನು ನಂಬಬಹುದು, ಏಕೆಂದರೆ ಸಮ–ಬೆಸ ಸರಾಸರಿಯ ಟ್ರೀ ಮತ್ತು ರಾನಾಕರ್ ಆರಂಭದ ಜಾಲ ಪರಸ್ಪರ ಸಂಬಂಧವಿಲ್ಲದ ಕಾರಣಗಳಿಂದ ತಪ್ಪುವ ವಿಧಾನಗಳಾಗಿದ್ದೂ ಅಲ್ಲಿಯವರೆಗೆ ಒಪ್ಪುತ್ತವೆ, ಮತ್ತು ಮಾಂಟೆ ಕಾರ್ಲೊ ಅದನ್ನು ಕೆಳಗಿನಿಂದ ಆನಿಸಿ ಹಿಡಿದಿದೆ. ನಾಲ್ಕನೆಯ ಅಂಕಿ 3 ಅಥವಾ 4, ನಿರ್ಧರಿಸಲು ಇನ್ನಷ್ಟು ಸೂಕ್ಷ್ಮವಾದ ಜಾಲ ಬೇಕು.

ಮೇಲ್ವಿಚಾರಕಿ ವರದಿಯನ್ನು ಪೂರ್ತಿ ಓದಿ, ಗಾಮಾದ ಎರಡು ಚಿತ್ರಗಳ ಬಳಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ವೊಲಟಿಲಿಟಿ ಶೇ. 20 ಎಂದು ಕೊಟ್ಟೆನಲ್ಲ, ಅದನ್ನು 20.1 ಮಾಡಿದರೆ?" ಅಲ್ಲೇ ಕೂತು ಓಡಿಸಿದೆ. ಬೆಲೆ ಸುಮಾರು 0.04ರಷ್ಟು ಏರಿತು. ನಾನು ಐದು ವಾರ ಬೆನ್ನಟ್ಟಿದ ನಾಲ್ಕನೆಯ ಅಂಕಿಗಿಂತ ಅದು ನೂರಾರು ಪಟ್ಟು ದೊಡ್ಡದು. "ಈ ಸಾಲನ್ನೂ ಸೇರಿಸಿ" ಎಂದರು. ಸೇರಿಸಿದೆ. ಹಂತಗಳ ಸಂಖ್ಯೆಯನ್ನು ಹೊರಗಿನಿಂದ ಕೊಡುವಂತೆ ಹಳೆಯ ಪ್ರೋಗ್ರಾಮನ್ನು ತಿದ್ದಲು ಅನುಮತಿಯೂ ಸಿಕ್ಕಿತು. ಜೊತೆಗೆ ಮುಂದಿನ ಕೆಲಸವೂ ಸಿಕ್ಕಿತು: ಅದೇ ಪುಟ್, ಆದರೆ ಆರನೆಯ ತಿಂಗಳಲ್ಲಿ ಷೇರಿಗೆ ಒಂದು ನಿಗದಿತ ಮೊತ್ತದ ಡಿವಿಡೆಂಡ್, ಆ ದಿನದಿಂದಾಚೆಗೆ ಟ್ರೀಯ ಕೊಂಬೆಗಳು ಒಂದರೊಡನೊಂದು ಕೂಡಿಕೊಳ್ಳುವುದನ್ನೇ ನಿಲ್ಲಿಸುತ್ತವೆ.